ಹುಟ್ಟುಹಬ್ಬಕ್ಕೊಂದು ಪಾಯಸದ ಬಕೆಟ್ಟು

ಪ್ರಶ್ನೆ: ಮೇಡಂ, ನಮ್ಮಣ್ಣನ ಮಗಳಿಗೆ ಬರೋ ತಿಂಗಳು ಏಳು ತುಂಬುತ್ತೆ. ಒಬ್ಬಳೇ ಮಗಳು, ಮನೇಲಿ ಆಟದ ಸಾಮಾನು ಇಡೋಕೆ ಜಾಗ ಇಲ್ಲ, ಹೋದ ವರ್ಷ ಬಂದ ಗಿಫ್ಟಲ್ಲಿ ಎರಡು ಇನ್ನೂ ಬಿಚ್ಚೇ ಇಲ್ಲ. ಆದ್ರೆ ಬೇರೆ ಮಕ್ಕಳು ಮುಟ್ಟಿದ್ರೆ ಮಾತ್ರ "ನಂದು" ಅಂತ ಕಿತ್ಕೊಳ್ತಾಳೆ. ಮೊನ್ನೆ ನನ್ನ ಮಗ ಅವಳ ಸೈಕಲ್ ಹತ್ತಿದ ಅಂತ ಬೆಲ್ಲು ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಕೂತಿದ್ಲು. ನಗಬೇಕೋ ಅಳಬೇಕೋ! ಹಂಚ್ಕೊಳ್ಳೋ ಬುದ್ಧಿ ಬರೋ ಹಾಗೆ ಏನಾದ್ರೂ ಕೊಡ್ಬೇಕು ಅಂತಿದೀನಿ. ನೀತಿಕಥೆ ಪುಸ್ತಕ ಕೊಡ್ಲಾ, ಹುಂಡಿ ಕೊಡ್ಲಾ? ಬಜೆಟ್ಟು ಐನೂರು. ಅತ್ತಿಗೆಗೆ ಬೇಜಾರಾಗಬಾರ್ದು.
— ಒಬ್ಬ ಸೋದರತ್ತೆ, ತುಮಕೂರು

ಉತ್ತರ: ಬೆಲ್ಲು ಬಿಚ್ಕೊಂಡು ಕೂತ ಹುಡುಗಿ ನಂಗಂತೂ ಬಹಳ ಹಿಡಿಸಿದ್ಲು ಕಣ್ರೀ.

ನೀತಿಕಥೆ ಬೇಡ. ಹುಟ್ಟುಹಬ್ಬದ ದಿನ ಬುದ್ಧಿ ಹೇಳೋ ಗಿಫ್ಟು ಬಂದ್ರೆ ಮಕ್ಕಳಿಗೆ ಕೂಡ್ಲೇ ಗೊತ್ತಾಗುತ್ತೆ, ಅತ್ತಿಗೆಗೆ ಅದಕ್ಕಿಂತ ಮುಂಚೆ ಗೊತ್ತಾಗುತ್ತೆ. ಹುಂಡಿ ಒಳ್ಳೇದೇ, ಆದ್ರೆ ಅದು ಕೂಡಿಡೋದನ್ನ ಕಲಿಸುತ್ತೆ, ಕೊಡೋದು ಬೇರೆ ವಿದ್ಯೆ.

ನೀವು ಒಂದು ಕೆಲಸ ಮಾಡಿ. ಪಾತ್ರೆ ಅಂಗಡಿಗೆ ಹೋಗಿ ಎರಡು ಲೀಟರ್ ಹಿಡಿಯೋ ಸಣ್ಣ ಸ್ಟೀಲ್ ಬಕೆಟ್ಟು, ಅವಳ ಕೈಗೆ ಹಗುರ ಆಗೋ ಒಂದು ಸೌಟು ತಗೊಳ್ಳಿ. ಅಲ್ಲೇ ಮಿಷನ್ನಲ್ಲಿ ಟಿರ್ರ್ ಅಂತ ಹೆಸರು ಕೊರೆದು ಕೊಡ್ತಾರಲ್ಲ, ಅದನ್ನ ಮರೀಬೇಡಿ, ಬಕೆಟ್ಟಿನ ಮೇಲೂ ಸೌಟಿನ ಹಿಡಿ ಮೇಲೂ ಅವಳ ಹೆಸರು ಹಾಕಿಸಿ. ಅವಳಿಗೆ "ನಂದು" ಅಂದ್ರೆ ಪ್ರಾಣ ತಾನೇ, ಇದೂ ಅವಳದ್ದೇ ಆಗ್ಲಿ. ಏನ್ ವ್ಯತ್ಯಾಸ ಅಂದ್ರೆ ಬಡಿಸೋ ಬಕೆಟ್ಟನ್ನ ಒಬ್ಬರೇ ಕೂತ್ಕೊಂಡು ಆಡೋಕಾಗಲ್ಲ, ಎದುರುಗಡೆ ಎಲೆ ಹಾಕ್ಕೊಂಡು ಜನ ಕೂತಿರ್ಲೇಬೇಕು.

ಹುಟ್ಟುಹಬ್ಬದ ದಿನ ಪಾಯಸ ಬಡಿಸೋ ಡ್ಯೂಟಿ ಅವಳದ್ದು ಅಂತ ಅಣ್ಣ-ಅತ್ತಿಗೆ ಹತ್ರ ಮೊದಲೇ ಮಾತಾಡಿ ಇಟ್ಟಿರಿ. ಬಿಸಿ ಆರಿದ ಮೇಲೆ ಬಕೆಟ್ಟಿಗೆ ಅರ್ಧ ಮಾತ್ರ ಹಾಕಿ, ಪೂರ್ತಿ ತುಂಬಿದ್ರೆ ಆ ಕೈಗೆ ಭಾರ ಆಗುತ್ತೆ.

ನಮ್ಮನೇಲಿ ಇದನ್ನ ನೋಡಿದೀನಿ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳ್ತಿದೀನಿ. ನಮ್ಮಕ್ಕನ ಮೊಮ್ಮಗ ಎಂಟು ವರ್ಷಕ್ಕೆ ಮೊದಲನೇ ಸಲ ಬಡಿಸಿದ. ಮೊದಲ ಮೂರು ಎಲೆ ಅವನ ಫ್ರೆಂಡ್ಸು, ಅವರಿಗೆ ಸೌಟು ಸೌಟು ಸುರಿದ, ಪಾಯಸ ಎಲೆಯಿಂದ ಹರಿದು ಚಾಪೆ ಮೇಲೆ ಹೋಯ್ತು. ಸಾಲಿನ ಕೊನೇಲಿ ಕೂತಿದ್ದು ಮನೆಗೆಲಸಕ್ಕೆ ಬರೋ ಅಮ್ಮ, ಅಪಾರ್ಟ್‌ಮೆಂಟಿನ ವಾಚ್‌ಮನ್ನು. (ನೀವೂ ಇಂಥವರನ್ನ ಎಲ್ಲರ ಜೊತೆ ಒಂದೇ ಪಂಕ್ತೀಲೇ ಕೂರಿಸಿ. ಅವರಿಗೆ ಮಾತ್ರ ಆಮೇಲೆ ಅಡುಗೆಮನೆ ಬಾಗಿಲಲ್ಲಿ ಡಬ್ಬಿಗೆ ಹಾಕಿ ಕೊಡೋದಾದ್ರೆ ಈ ಬಕೆಟ್ಟು ತರೋದೇ ಬೇಡ.) ಅಲ್ಲಿಗೆ ಬರೋ ಹೊತ್ತಿಗೆ ಸೌಟು ತಳ ಕೆರೀತಿತ್ತು. ಯಾರೂ ಬೈಲಿಲ್ಲ, ನಾವು ಒಳಗಿಂದ ತಂದು ಹಾಕೋಣ ಅಂತ ಎದ್ದೆವು, ಅಷ್ಟರಲ್ಲಿ ಅವನೇ ಒಳಗೆ ಹೋಗಿ ತನಗೇ ಅಂತ ಎತ್ತಿಟ್ಟಿದ್ದ ಬಟ್ಟಲು ತಂದು ಇಬ್ಬರಿಗೂ ಹಾಕಿದ, ಮುಖ ಮಾತ್ರ ಇಷ್ಟು ಸಣ್ಣ ಮಾಡ್ಕೊಂಡು. ಮುಂದಿನ ವರ್ಷ ಬಡಿಸೋಕೆ ಮುಂಚೆ ಎಲೆ ಎಣಿಸಿದ, ಗೋಡಂಬಿ ಎಲ್ಲರ ಎಲೆಗೂ ಬೀಳ್ಲಿ ಅಂತ ಪ್ರತಿ ಸಲ ಸೌಟು ತಳದವರೆಗೂ ಇಳಿಸಿ ತಿರುವಿ ತೆಗೀತಿದ್ದ!

ಇನ್ನೊಂದು ಮಾತು. ಕೊಡೋದು ಅವಳ ಪಾಲಿಂದ ಹೋಗ್ಬೇಕು, ಅಪ್ಪ-ಅಮ್ಮನ ಪರ್ಸಿಂದ ಅಲ್ಲ. 2012ರಲ್ಲಿ ಕೆನಡಾದ ಸಂಶೋಧಕರು ಎರಡು ವರ್ಷ ಕೂಡ ತುಂಬದ ಮಕ್ಕಳ ಮೇಲೆ ಮಾಡಿದ ಒಂದು ಪ್ರಯೋಗ ಪ್ರಕಟಿಸಿದ್ರು. ಮಗುವಿನ ಬಟ್ಟಲಿಗೆ ಬಿಸ್ಕೆಟ್ ಥರದ ತಿಂಡಿ ಹಾಕಿ ಎದುರಿಗೆ ಒಂದು ಕೋತಿ ಗೊಂಬೆ ಇಟ್ಟು, ಒಂದು ಸಲ ಬೇರೆ ಕಡೆ "ಸಿಕ್ಕಿದ" ತಿಂಡಿಯನ್ನ ಗೊಂಬೆಗೆ ಕೊಡಿಸಿದ್ರು, ಇನ್ನೊಂದು ಸಲ ಮಗು ತನ್ನ ಬಟ್ಟಲಿಂದಲೇ ತೆಗೆದು ಕೊಡೋ ಹಾಗೆ ಮಾಡಿದ್ರು. ತನ್ನ ಬಟ್ಟಲಿಂದ ಕೊಟ್ಟಾಗಲೇ ಮಕ್ಕಳ ಮುಖದಲ್ಲಿ ಖುಷಿ ಜಾಸ್ತಿ ಕಾಣಿಸ್ತಂತೆ. ಹಾಗಾಗಿ ನಿಮ್ಮ ಐನೂರರಲ್ಲಿ ಏನಾದ್ರೂ ಉಳಿದ್ರೆ ಅದನ್ನ ಪಾಯಸದ ಸಾಮಾನಿಗೆ ಅಂತ ಅವಳ ಕೈಗೇ ಕೊಡಿ, ಇಪ್ಪತ್ತು ಜನಕ್ಕೆ ಎರಡು ಲೀಟರ್ ಹಾಲು ಕಾಲು ಕೆಜಿ ಶಾವಿಗೆ ಸಾಕು, ಅಂಗಡೀಲಿ ದುಡ್ಡು ಅವಳೇ ಎಣಿಸಿ ಕೊಡ್ಲಿ.

ಸೈಕಲ್ ವಿಷಯಕ್ಕೆ ಮಾತ್ರ ಹೋಗ್ಬೇಡಿ. ಅದು ಅವಳದ್ದು, ಕೊಡ್ಲೇಬೇಕು ಅಂತ ಕಿತ್ತು ಕೊಡಿಸಿದ್ರೆ ಬೆಲ್ಲಿನ ಜೊತೆ ಸೀಟೂ ಬಿಚ್ಕೊಂಡು ಕೂರ್ತಾಳೆ.

ತುಮಕೂರಲ್ಲೇ ಇದೀರಿ, ಒಂದಿನ ಸಿದ್ಧಗಂಗಾ ಮಠಕ್ಕೆ ಕರ್ಕೊಂಡು ಹೋಗಿ ದಾಸೋಹ ತೋರಿಸಿ. ಸಾವಿರಾರು ಮಕ್ಕಳು ಅಲ್ಲಿದ್ದು ಓದ್ತಾರೆ, ಊಟ ಮಾಡ್ತಾರೆ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಒಂದು ಕಾಲದಲ್ಲಿ ಜೋಳಿಗೆ ಹಿಡ್ಕೊಂಡು ಊರೂರು ತಿರುಗಿ ಕಾಳುಕಡಿ ತಂದು ನಡೆಸಿದ ದಾಸೋಹ ಅದು. ಏನೂ ವಿವರಿಸೋಕೆ ಹೋಗ್ಬೇಡಿ, ಅಲ್ಲಿನ ಪಾತ್ರೆಗಳ ಸೈಜು ನೋಡಿದ್ರೆ ಬಕೆಟ್ಟಿನ ಒಡತಿ ತಾನೇ ನೂರು ಪ್ರಶ್ನೆ ಕೇಳ್ತಾಳೆ.

ಪ್ರಶ್ನೆ: ಮಗನ ಹತ್ತನೇ ಹುಟ್ಟುಹಬ್ಬಾನ ಅನಾಥಾಶ್ರಮದಲ್ಲಿ ಮಾಡೋಣ ಅಂತಿದೀವಿ. ಅಲ್ಲಿ ಮಕ್ಕಳ ಜೊತೆ ಕೇಕ್ ಕಟ್ ಮಾಡಿ, ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ್ರೆ ಬೇರೆಯವರಿಗೂ ಸ್ಫೂರ್ತಿ ಆಗುತ್ತಲ್ವಾ?
— ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ಫೋಟೋ ಬೇಡವೇ ಬೇಡ ಸರ್. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಕ್ಕಳ ಗುರುತು ಗೊತ್ತಾಗೋ ಹಾಗೆ ಹೆಸರು, ಚಿತ್ರ ಪ್ರಕಟಿಸೋದೇ ತಪ್ಪು, ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಕಾನೂನು ಪಕ್ಕಕ್ಕಿಡಿ, ಆ ಕಡೆ ನಿಂತು ನೋಡಿ. ಪರಿಚಯನೇ ಇಲ್ಲದ ಹುಡುಗನಿಗೆ ಸಾಲಾಗಿ ನಿಂತು ಹ್ಯಾಪಿ ಬರ್ತ್‌ಡೇ ಹಾಡ್ಬೇಕು, ಆಮೇಲೆ ಒಂದು ತುಂಡು ಕೇಕು. ತಿಂಗಳಲ್ಲಿ ಎಷ್ಟು ಜನಕ್ಕೆ ಅಂತ ಹಾಡ್ತಾರೆ ಆ ಮಕ್ಕಳು? ನಿಮ್ಮ ಮಗನೂ ಅಲ್ಲಿಂದ ತಾನು ದೊಡ್ಡ ಮನುಷ್ಯ ಅನ್ಕೊಂಡೇ ಬರ್ತಾನೆ.

ಕೇಕು ಮನೇಲೇ ಕಟ್ ಮಾಡಿ. ಆಶ್ರಮಕ್ಕೆ ಮುಂಚೇನೇ ಫೋನ್ ಮಾಡಿ ಏನು ಬೇಕು ಅಂತ ಕೇಳಿ, ಸಾಕ್ಸು, ಒಳಉಡುಪು, ಸೋಪು, ಜಾಮೆಟ್ರಿ ಬಾಕ್ಸು ಅಂತ ಏನಾದ್ರೂ ಹೇಳಬಹುದು, ಯಾರೂ ಸ್ಟೇಟಸ್ಸಿಗೆ ಹಾಕ್ಕೊಳ್ಳದೇ ಇರೋ ಸಾಮಾನುಗಳು. ಪಟ್ಟಿ ಮಗನ ಕೈಲಿ ಬರೆಸಿ, ಚೌಕಾಸಿನೂ ಅವನೇ ಮಾಡ್ಲಿ. ಕೊಡೋಕೆ ಹೋಗುವಾಗ ನಿಮ್ಮ ಮೊಬೈಲು ಕಾರಲ್ಲೇ ಇರ್ಲಿ, ಬರುವಾಗ ರಸೀದಿ ಒಂದು ಕೇಳಿ ಇಸ್ಕೊಳ್ಳಿ.