ಆಟ ನೋಡಿದವರನ್ನೇ ಮರೆತಿದ್ದ ನಟ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಶಿರಸಿ ಹತ್ತಿರದ ಹಳ್ಳಿಯವರು, ವಯಸ್ಸು 27. ಮನೆಯಲ್ಲಿ ಅಡಿಕೆ ತೋಟ, ಪೇಟೆಯ ಸೊಸೈಟಿಯಲ್ಲಿ ಗುಮಾಸ್ತೆ ಕೆಲಸ. ಚಿಕ್ಕಂದಿನಿಂದ ಯಕ್ಷಗಾನದಲ್ಲಿ ವೇಷ ಮಾಡಿದವರು. ಆಮೇಲೆ ರಂಗತರಬೇತಿ ಮುಗಿಸಿ ಒಂದು ತಂಡದ ಜೊತೆ ಊರೂರು ತಿರುಗಿದ್ದರು. ಅಪ್ಪಯ್ಯನಿಗೆ ಮಂಡಿನೋವು ಜಾಸ್ತಿಯಾಗಿ ಊರಿಗೆ ಮರಳಬೇಕಾಯಿತು. ಕ್ಯಾಮೆರಾ ಮುಂದೆ ನಟಿಸುವ ಆಸೆ ಮಾತ್ರ ಹೋಗಿರಲಿಲ್ಲ.

ಮಗನಿಗೆ ನಿದ್ದೆಯಿಲ್ಲ ಎಂದು ಆಯಿ ನನ್ನ ಬಳಿ ಸಮಾಲೋಚನೆಗೆ ಕರೆತಂದಿದ್ದರು. ನಡುರಾತ್ರಿಯಲ್ಲೂ ಕೈಯಲ್ಲಿ ಮೊಬೈಲ್. ‘ಯಾರಾದ್ರೂ ಉತ್ತರ ಕೊಟ್ರಾ ಅಂತ ನೋಡ್ತಾ ಇರ್ತೇನೆ ಮೇಡಂ’ ಅಂದರು. ಬೆಂಗಳೂರು, ಮುಂಬೈಯಲ್ಲಿ ನಟರಿಗೆ ಅವಕಾಶ ಹುಡುಕಿಕೊಡುವ ಏಜೆಂಟ್ ಅಂತ ಹೇಳಿಕೊಳ್ಳುವ ಎಲ್ಲರಿಗೂ ಫೋಟೊ ಕಳಿಸಿದ್ದರು. ಒಬ್ಬನೇ ಒಬ್ಬ ಉತ್ತರ ಕೊಟ್ಟ. ನೋಂದಣಿ, ಪೋರ್ಟ್‌ಫೋಲಿಯೊ ಎಂದು 18 ಸಾವಿರ ರೂಪಾಯಿ ತೆಗೆದುಕೊಂಡ. ಆಮೇಲೆ ಫೋನ್ ಎತ್ತಲಿಲ್ಲ. ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಹೇಳುತ್ತಾ ತುಂಬಾ ಅತ್ತರು. ಅವತ್ತು ಅವರ ಮಾತು ಕೇಳಿದ್ದೇ ಹೆಚ್ಚು. 1930ಕ್ಕೆ ಕರೆ ಮಾಡಿ ಸೈಬರ್ ದೂರು ಕೊಡಿ, ಆಯಿಗೆ ನೀವೇ ತಿಳಿಸಿ, ಇಷ್ಟು ಹೇಳಿ ಕಳಿಸಿದೆ.

ಮುಂದಿನ ಭೇಟಿಯಲ್ಲಿ ಇನ್ನೊಂದು ವಿಷಯ ಹೊರಬಂತು. ತಂಡದ ಹಳೆಯ ಗೆಳೆಯರ ಫೋನನ್ನೂ ಅವರು ಎತ್ತುತ್ತಿರಲಿಲ್ಲ. ಅವರಲ್ಲಿ ಒಬ್ಬ ಈಗ ಧಾರಾವಾಹಿಯಲ್ಲಿ ಸಹ ನಿರ್ದೇಶಕ. ಇನ್ನೊಬ್ಬಳು ಸಿನಿಮಾಗಳಲ್ಲಿ ಪಾತ್ರ ಮಾಡುತ್ತಿದ್ದಾಳೆ. ‘ಅವರ ಹತ್ರ ಕೇಳಿದ್ರೆ ವಶೀಲಿ ಹಚ್ಚಿದ ಹಾಗೆ ಆಗ್ತದೆ. ನನಗೆ ನಾಚಿಕೆ’ ಅಂದರು. ಗುರುತಿಲ್ಲದವನಿಗೆ ದುಡ್ಡು ಕೊಡಲು ನಾಚಿಕೆಯಾಗಲಿಲ್ಲ. ತಮ್ಮ ಜೊತೆ ರಂಗದ ಮೇಲೆ ನಿಂತವರಿಗೆ ಫೋನ್ ಮಾಡಲು ನಾಚಿಕೆ! ಅವರ ಕಷ್ಟದ ಬೇರು ಇಲ್ಲೇ ಇದೆ ಎಂದು ನನಗನ್ನಿಸಿತು.

ನಾನು ಅವರಿಗೆ ಹೇಳಿದ್ದು ಇದು. ಏಜೆಂಟರಿಗೆ ದಿನವೂ ರಾಶಿ ರಾಶಿ ಫೋಟೊ ಬರುತ್ತವೆ. ‘ಇವನ ಜೊತೆ ಕೆಲಸ ಮಾಡಿದ್ದೇನೆ, ಹೊತ್ತಿಗೆ ಸರಿಯಾಗಿ ಬರ್ತಾನೆ, ಒಮ್ಮೆ ನೋಡಿ’ ಎಂದು ನಂಬಿಕೆಯವರು ಹೇಳಿದರೆ ಅವನ ನಟನೆಯ ವಿಡಿಯೊ ತೆರೆದು ನೋಡುತ್ತಾರೆ. ಹೇಳಿದವರು ತಮ್ಮ ಹೆಸರನ್ನು ಪಣಕ್ಕಿಟ್ಟಿರುತ್ತಾರೆ. ಪಾತ್ರ ಸಿಗುವುದು ಆಮೇಲೂ ನಟನೆಯಿಂದಲೇ. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ? ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರು 1978ರ ತಮ್ಮ ಸಿನಿಮಾಕ್ಕೆ ನಾಯಕನಾಗಿ ತಂದದ್ದು ಮುಂಬೈಯಲ್ಲಿ ನಾಟಕ ಮಾಡುತ್ತಿದ್ದ ನಮ್ಮ ಹೊನ್ನಾವರದ ಶಂಕರ್ ನಾಗ್ ಅವರನ್ನು. ರಂಗದವರು ರಂಗದವರನ್ನು ಕರೆಯುವುದು ಹೊಸದೇನಲ್ಲ.

ಅಲ್ಲೇ ಕೂತು ಅವರಿಂದ ಒಂದು ಪಟ್ಟಿ ಬರೆಸಿದೆ. ಯಾರು ಯಾರು ನಿಮ್ಮ ನಟನೆಯನ್ನು ಕಣ್ಣಾರೆ ನೋಡಿದ್ದಾರೆ? ನಿರ್ದೇಶಕರು, ಮೇಷ್ಟ್ರು, ಬೆಳಕು ಮಾಡಿದವರು, ಮೇಕಪ್‌ನವರು. ಪುಟ ತುಂಬಿತು. ಬರೆಯುತ್ತಾ ಬರೆಯುತ್ತಾ ಅವರ ಮುಖ ಸ್ವಲ್ಪ ಗೆಲುವಾಯಿತು.

ಆಮೇಲೆ ಮೆಸೇಜ್ ಬರೆಯುವುದನ್ನು ಅಭ್ಯಾಸ ಮಾಡಿದೆವು. ಅವರ ಮೊದಲ ಕರಡು ‘ಏನಾದ್ರೂ ಚಾನ್ಸ್ ಇದ್ರೆ ಹೇಳಿ’ ಎಂದಿತ್ತು. ಅದಕ್ಕೆ ಯಾರಾದರೂ ಏನು ಉತ್ತರ ಕೊಡಬೇಕು? ಯಾವ ನಾಟಕದಲ್ಲಿ ಒಟ್ಟಿಗಿದ್ದಿರಿ ಎಂದು ನೆನಪಿಸಿ. ಈಗ ಏನು ಮಾಡುತ್ತಿದ್ದೀರಿ ಹೇಳಿ. ಒಂದೇ ಒಂದು ವಿಷಯ ಕೇಳಿ: ‘ನಿನ್ನ ಕೆಲಸ ನೋಡಿಕೊಳ್ಳುವ ಏಜೆಂಟ್‌ಗೆ ನನ್ನ ವಿಡಿಯೊ ಕಳಿಸುವಾಗ ನಿನ್ನ ಹೆಸರು ಹೇಳಬಹುದಾ? ಆಗದಿದ್ರೆ ಬೇಜಾರಿಲ್ಲ.’ ಆ ಕೊನೆಯ ಮಾತು ಮುಖ್ಯ. ಇಲ್ಲ ಎನ್ನಲು ಜಾಗವಿದ್ದರೆ ಗೆಳೆತನ ಉಳಿಯುತ್ತದೆ.

ವಿಡಿಯೊ ಎರಡು ನಿಮಿಷ ದಾಟಬಾರದು. ಮೊದಲ ಕ್ಷಣಗಳಲ್ಲೇ ಮುಖ, ನಟನೆ ಕಾಣಬೇಕು. ಯಕ್ಷಗಾನದ ತುಂಬು ಅಭಿನಯದ ಪಕ್ಕದಲ್ಲಿ ಕಣ್ಣಲ್ಲೇ ಮುಗಿಯುವ ಒಂದು ಸಣ್ಣ ದೃಶ್ಯವೂ ಇರಲಿ, ಕ್ಯಾಮೆರಾಕ್ಕೆ ಅದು ಬೇಕು. ಹವ್ಯಕ ಕನ್ನಡ, ಕೊಂಕಣಿ ಬರುತ್ತದೆ ಎಂದು ಹೇಳಲು ಇವರು ಹಿಂಜರಿಯುತ್ತಿದ್ದರು. ಅದನ್ನೇ ಮೊದಲು ಹೇಳಿ ಅಂದೆ.

ಮೆಸೇಜ್ ಕಳಿಸಿದ ದಿನವೇ ಗೆಳತಿ ಫೋನ್ ಮಾಡಿದಳಂತೆ. ಸಹ ನಿರ್ದೇಶಕ ಗೆಳೆಯ ಇವರ ವಿಡಿಯೊವನ್ನು ಪಾತ್ರಗಳಿಗೆ ನಟರನ್ನು ಆರಿಸುವ ಒಬ್ಬ ಕಾಸ್ಟಿಂಗ್ ಡೈರೆಕ್ಟರ್‌ಗೆ ದಾಟಿಸಿದ. ಒಂದು ಆಡಿಷನ್ ಆಯಿತು, ಪಾತ್ರ ಸಿಗಲಿಲ್ಲ. ಅದನ್ನೂ ಗೆಳೆಯನಿಗೆ ತಿಳಿಸಿ, ಧನ್ಯವಾದ ಹೇಳಿ ಎಂದೆ. ಕೆಲಸವಾಗದಿದ್ದಾಗ ಮಾತು ನಿಲ್ಲಿಸಿದರೆ ಅವನು ಇನ್ನೊಮ್ಮೆ ಹೇಗೆ ಹೆಸರು ಹೇಳುತ್ತಾನೆ?

ಸೊಸೈಟಿ ಕೆಲಸ ಬಿಡಬೇಡಿ ಎಂದೂ ಹೇಳಿದ್ದೇನೆ. ಈಗ ನಿದ್ದೆ ಪರವಾಗಿಲ್ಲ. ಮೊಬೈಲ್ ರಾತ್ರಿ ಜಗಲಿಯಲ್ಲಿರುತ್ತದೆ.

ಹೋದ ಸಲ ಬಂದಾಗ, ಗೆಳತಿಯ ಏಜೆಂಟ್ ಮಾತಾಡಲು ಕರೆದಿದ್ದಾರೆ ಅಂದರು. ಮೊದಲೇ ಶುಲ್ಕ ಕೇಳಿದರೆ ಎದ್ದು ಬನ್ನಿ ಎಂದೆ. ಸರಿಯಾದ ಏಜೆಂಟ್ ತೆಗೆದುಕೊಳ್ಳುವುದು ಕೆಲಸ ಸಿಕ್ಕ ಮೇಲೆ, ಬಂದ ಸಂಭಾವನೆಯಲ್ಲಿ ಪಾಲು. ಕಾಸ್ಟಿಂಗ್ ಡೈರೆಕ್ಟರ್‌ಗೆ ಸಂಬಳ ಕೊಡುವುದು ನಿರ್ಮಾಪಕರು, ನಟರಲ್ಲ. ಒಪ್ಪಂದ ಎಷ್ಟು ವರ್ಷಕ್ಕೆ, ಪಾಲು ಎಷ್ಟು, ಬಿಡಬೇಕೆಂದರೆ ಹೇಗೆ, ಇವನ್ನು ಓದದೆ ಸಹಿ ಹಾಕಬೇಡಿ. ಯಕ್ಷಗಾನದ ಸಂಭಾವನೆಯಲ್ಲೂ ಪಾಲು ಕೊಡಬೇಕಾ ಎಂಬುದನ್ನು ಬರಹದಲ್ಲೇ ಕೇಳಿ.