ಮುಟ್ಟು ನಿಂತ ಮೇಲಿನ ಮೂಳೆನೋವಿಗೆ ಕ್ಯಾಲ್ಸಿಯಂ ಮಾತ್ರೆ ಸಾಕೇ?

ಚಿಂತಾಮಣಿಯ ಕಡೆಯ ಹಳ್ಳಿಯಲ್ಲಿರುವ ನಿಮ್ಮ ತಾಯಿಯವರಿಗೆ 52 ವರ್ಷ, ಮುಟ್ಟು ನಿಂತು ಎರಡು ವರ್ಷವಾಗಿದೆ, ಸೊಂಟ ಮತ್ತು ಮಂಡಿ ನೋಯುತ್ತಿವೆ, ಅಂಗಡಿಯಿಂದ ಕ್ಯಾಲ್ಸಿಯಂ ಮಾತ್ರೆ ತಂದು ಕೊಡಬಹುದೇ ಎಂದು ಕೇಳಿದ್ದೀರಿ.

ಮಾತ್ರೆಗಿಂತ ಮೊದಲು ನೀರನ್ನು ವಿಚಾರಿಸಿ. ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಆಳದ ಕೊಳವೆಬಾವಿಗಳಲ್ಲಿ ಹಲವೆಡೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದ್ದು, ಅಂಥ ನೀರನ್ನು ವರ್ಷಗಟ್ಟಲೆ ಬಳಸಿದವರಲ್ಲಿ ಕೀಲುಗಳು ಬಿಗಿದು ನೋವು ಬಂದರೂ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತೇವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನಮ್ಮತ್ತೆಯವರು ಶುದ್ಧ ನೀರಿನ ಘಟಕದಿಂದ ತಂದ ಕ್ಯಾನನ್ನು ಕುಡಿಯುವುದಕ್ಕಷ್ಟೇ ಮೀಸಲಿಟ್ಟು, ಮುದ್ದೆಯ ಎಸರಿಗೂ ಸಾರಿಗೂ ಬೋರಿನ ನೀರನ್ನೇ ಸುರಿಯುತ್ತಿದ್ದರು. ಅದು ತಪ್ಪೆಂದು ಒಪ್ಪಿಸಲು ಆರು ತಿಂಗಳು ಹಿಡಿಯಿತು.

ಮುಟ್ಟು ನಿಂತವರಿಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ನೂರು ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಇರುವುದರಿಂದ, ಮುದ್ದೆಯ ಜೊತೆ ಮೊಸರು, ಸೊಪ್ಪು ಇದ್ದರೆ ಹೆಚ್ಚಿನ ಪಾಲು ಊಟದಲ್ಲೇ ಸಿಗುತ್ತದೆ. ಕೊರತೆಗೆ ಮಾತ್ರೆ ಬೇಕೇ ಎಂಬುದನ್ನು ವಿಟಮಿನ್ ಡಿ ಮತ್ತು ಮೂತ್ರಪಿಂಡದ ರಕ್ತಪರೀಕ್ಷೆ ನೋಡಿ ವೈದ್ಯರು ಹೇಳಲಿ, ಅದರಲ್ಲೂ ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರಾದರೆ. ಕಬ್ಬಿಣದ ಮಾತ್ರೆಯನ್ನೂ ನುಂಗುತ್ತಿದ್ದರೆ ಎರಡನ್ನೂ ಒಟ್ಟಿಗೆ ಕೊಡಬೇಡಿ.

ಆಸ್ಪತ್ರೆಗೆ ಹೋದ ದಿನವೇ ಬಿ.ಪಿ., ಸಕ್ಕರೆ, ಸ್ತನ ಹಾಗೂ ಗರ್ಭಕಂಠದ ತಪಾಸಣೆಯನ್ನೂ ಮುಗಿಸಿಬಿಡಿ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡಿದ್ದರೂ, ತಾಯಿಯವರು ಸಂಕೋಚದಿಂದ ಮುಚ್ಚಿಟ್ಟಿರಬಹುದು, ನೀವೇ ಕೇಳಿ ತಿಳಿದುಕೊಂಡು ತಡಮಾಡದೆ ಸ್ತ್ರೀರೋಗ ತಜ್ಞರಿಗೆ ತೋರಿಸಿ.