ಸ್ಕಾಲರ್‌ಶಿಪ್ ಕಾಲೇಜಿಗೆ ಸೇರಿದ್ಮೇಲೆ ನೋಡಿದ್ರಾಯ್ತು ಅಂದ್ಕೊಂಡಿದ್ದೀರಾ?

ಪ್ರಶ್ನೆ: ನಮಸ್ತೆ ಸರ್, ನಾವು ತಿಪಟೂರು ತಾಲ್ಲೂಕಿನೋರು. ನಮ್ಮಾವನೋರ ಹೆಸರಲ್ಲಿ ಒಂದೂವರೆ ಎಕರೆ ತೆಂಗಿನ ತೋಟ ಇದೆ, ನಮ್ಮೆಜಮಾನ್ರು ಗಾರೆ ಕೆಲಸಕ್ಕೂ ಹೋಗ್ತಾರೆ. ಮಗಳು ಊರಿನ ಸರ್ಕಾರಿ ಹೈಸ್ಕೂಲಲ್ಲಿ ಒಂಬತ್ತನೇ ಕ್ಲಾಸು, ಮಗ ಅಲ್ಲೇ ಎಂಟನೇ ಕ್ಲಾಸು. ಮಗಳು ಇಂಜಿನಿಯರಿಂಗ್ ಓದ್ತೀನಿ ಅಂತಾಳೆ, ಚುರುಕಾಗಿದ್ದಾಳೆ, ದುಡ್ಡಿಂದೇ ಯೋಚನೆ. ಸ್ಕಾಲರ್‌ಶಿಪ್ಪೆಲ್ಲ ಕಾಲೇಜಿಗೆ ಸೇರಿದ್ಮೇಲೆ ನೋಡಿದ್ರಾಯ್ತು ಅಂತ ಎಲ್ರೂ ಹೇಳ್ತಾರೆ. ಈಗ್ಲೇ ಮಾಡೋದು ಏನಾದ್ರೂ ಇದ್ಯಾ?

ಉತ್ತರ: ಇದೆ ಅಮ್ಮ, ಬೇಕಾದಷ್ಟಿದೆ. ನೀವು ಈಗ್ಲೇ ಕೇಳಿದ್ದು ತುಂಬಾ ಒಳ್ಳೇದಾಯ್ತು. ನಾನು ಪಿಯು ಕಾಲೇಜಲ್ಲಿ ಪಾಠ ಮಾಡ್ತಿದ್ದಾಗ ಸುಮಾರು ವರ್ಷ ಸ್ಕಾಲರ್‌ಶಿಪ್ ಕೆಲಸ ನನ್ನ ಮೇಲೇ ಇತ್ತು, ಮಾರ್ಕ್ಸ್ ಸಾಲದೆ ದುಡ್ಡು ತಪ್ಪಿಸ್ಕೊಂಡ ಮಕ್ಕಳಿಗಿಂತ ಕಾಗದ ಪತ್ರ ಒಂದಕ್ಕೊಂದು ತಾಳೆ ಆಗದೆ ತಪ್ಪಿಸ್ಕೊಂಡ ಮಕ್ಕಳೇ ಜಾಸ್ತಿ.

ಮೊದಲು ನಿಮ್ಮ ಮಗನ ವಿಷಯ ಹೇಳ್ತೀನಿ, ಯಾಕಂದ್ರೆ ಅವನಿಗಿರೋ ಅವಕಾಶ ಈ ಒಂದು ವರ್ಷ ಮಾತ್ರ. ಎಂಟನೇ ಕ್ಲಾಸಿನ ಮಕ್ಕಳಿಗೆ ಎನ್‌ಎಂಎಂಎಸ್ ಅಂತ ಪರೀಕ್ಷೆ ಇದೆ, 2008ರಿಂದ ಕೇಂದ್ರ ಸರ್ಕಾರ ನಡೆಸ್ಕೊಂಡು ಬಂದಿರೋ ಸ್ಕೀಮು. ಸರ್ಕಾರಿ ಮತ್ತು ಅನುದಾನಿತ ಶಾಲೆ ಮಕ್ಕಳಿಗೆ ಮಾತ್ರ, ಮನೆಯ ವರ್ಷದ ಆದಾಯ 3.5 ಲಕ್ಷ ದಾಟಬಾರ್ದು, ಏಳನೇ ಕ್ಲಾಸಲ್ಲಿ ಶೇ. 55 ಬಂದಿರ್ಬೇಕು, ಎಸ್‌ಸಿ ಎಸ್‌ಟಿ ಮಕ್ಕಳಿಗೆ ಶೇ. 50 ಸಾಕು. ಪಾಸಾಗಿ ಸೆಲೆಕ್ಟ್ ಆದ್ರೆ ಒಂಬತ್ತರಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000, ಅಂದ್ರೆ ನಾಲ್ಕು ವರ್ಷಕ್ಕೆ 48,000. ಅರ್ಜಿ ಶಾಲೆ ಮೂಲಕನೇ ಹೋಗ್ಬೇಕು, ಅದಕ್ಕೆ ಹೆಡ್‌ಮಾಸ್ಟರ್ ಹತ್ರ ಈ ವಾರನೇ ಹೋಗಿ ಕೇಳಿ. ಬುದ್ಧಿಶಕ್ತಿ ಪ್ರಶ್ನೆ 90, ಪಾಠದ ಪ್ರಶ್ನೆ 90 ಇರುತ್ತೆ, ಬುದ್ಧಿಶಕ್ತಿ ಪ್ರಶ್ನೆಗಳು ಮಕ್ಕಳಿಗೆ ಹೊಸದು ಅನ್ಸುತ್ತೆ ಆದ್ರೆ ಹಳೇ ಪ್ರಶ್ನೆಪತ್ರಿಕೆ ಒಂದಷ್ಟು ಬಿಡಿಸಿದ್ರೆ ಕೈಗೆ ಹತ್ತುತ್ತೆ. ಸೆಲೆಕ್ಟ್ ಆದ್ಮೇಲೆ ಸುಮ್ಮನೆ ಕೂತ್ರೆ ದುಡ್ಡು ಬರಲ್ಲ, ಒಂಬತ್ತನೇ ಕ್ಲಾಸಿಗೆ ಬಂದಾಗ ಎನ್‌ಎಸ್‌ಪಿ ಅನ್ನೋ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲಲ್ಲಿ ಮತ್ತೆ ಅರ್ಜಿ ಹಾಕ್ಬೇಕು, ಆಮೇಲೆ ಪ್ರತಿ ವರ್ಷ ರಿನೀವಲ್ ಮಾಡಿಸ್ಬೇಕು. ಎಷ್ಟೋ ಮಕ್ಕಳು ಪರೀಕ್ಷೆ ಗೆದ್ದು ಇಲ್ಲಿ ಸೋತಿದಾರೆ. ಹತ್ತನೇ ಕ್ಲಾಸಲ್ಲಿ ಶೇ. 60 ಬಂದ್ರೇನೇ ಪಿಯುಸಿಗೆ ಮುಂದುವರಿಯೋದು, ಪಿಯುಸಿ ಬಿಟ್ಟು ಡಿಪ್ಲೊಮಾಗೆ ಹೋದ್ರೆ ನಿಂತೋಗುತ್ತೆ, ಇದೂ ತಲೇಲಿರ್ಲಿ.

ಈಗ ಮಗಳದ್ದು. ಅವಳ ಆಧಾರ್ ಕಾರ್ಡ್ ತಗೊಂಡು ಅಂಕಪಟ್ಟಿ ಪಕ್ಕ ಇಟ್ಟು ನೋಡಿ. ಶಾಲೆ ದಾಖಲೇಲಿ ಲಕ್ಷ್ಮಿ ಆರ್ ಅಂತಿರುತ್ತೆ, ಆಧಾರಲ್ಲಿ ಲಕ್ಷ್ಮಿ ರಂಗಪ್ಪ ಅಂತಿರುತ್ತೆ. ಇಲ್ಲಾಂದ್ರೆ ಇಂಗ್ಲಿಷಲ್ಲಿ ಒಂದು ಕಡೆ ಕೆ ಎಸ್ ಎಚ್ ಹಾಕಿ ಬರ್ದಿರ್ತಾರೆ, ಇನ್ನೊಂದು ಕಡೆ ಎಕ್ಸ್ ಹಾಕಿರ್ತಾರೆ. ನಮ್ಮ ಕಣ್ಣಿಗೆ ಎರಡೂ ಒಂದೇ ಲಕ್ಷ್ಮಿ, ಕಂಪ್ಯೂಟರಿಗೆ ಇಬ್ರು ಬೇರೆ ಬೇರೆ ಹುಡುಗೀರು. ನಮ್ಮ ಕಾಲೇಜಲ್ಲಿ ಒಬ್ಬಳು ಹುಡುಗಿಗೆ ಹೀಗೇ ಆಯ್ತು, ಮಾರ್ಕ್ಸ್ ತೊಂಬತ್ತರ ಮೇಲೆ, ಎಲ್ಲಾ ಅರ್ಹತೆ ಇತ್ತು, ಆಧಾರಲ್ಲಿ ಇನಿಷಿಯಲ್ ಇಲ್ಲ ಅಂತ ಅರ್ಜಿ ಮುಂದಕ್ಕೇ ಹೋಗ್ಲಿಲ್ಲ, ತಿದ್ದಿಸ್ಕೊಂಡು ಬರೋ ಹೊತ್ತಿಗೆ ಕೊನೇ ದಿನಾಂಕ ಮುಗ್ದಿತ್ತು, ಅವರಪ್ಪ ಸೊಸೈಟೀಲಿ ಸಾಲ ತೆಗೆದು ಫೀಸ್ ಕಟ್ಟಿದ್ರು. ಆ ಮಗು ಸ್ಟಾಫ್ ರೂಮ್ ಬಾಗಿಲಲ್ಲಿ ಆ ಆಧಾರ್ ಕಾರ್ಡ್ ಹಿಡ್ಕೊಂಡು ನಿಂತಿದ್ದು ಇವತ್ತಿಗೂ ಕಣ್ಮುಂದೆ ಇದೆ.

ಹತ್ತನೇ ಕ್ಲಾಸಿಗೆ ಬಂದಾಗ ಎಸ್ಸೆಸ್ಸೆಲ್ಸಿ ಬೋರ್ಡಿಗೆ ಕಳ್ಸೋ ವಿವರಾನ ಶಾಲೇಲಿ ಪ್ರಿಂಟ್ ತೆಗ್ದು ಮಕ್ಕಳಿಗೆ ತೋರಿಸಿ ಸಹಿ ಹಾಕಿಸ್ಕೋತಾರೆ. ಅವತ್ತು ನೀವೇ ಹೋಗಿ. ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು, ಹುಟ್ಟಿದ ದಿನ ಒಂದೊಂದು ಅಕ್ಷರ ನೋಡಿ. ಮಾರ್ಕ್ಸ್ ಕಾರ್ಡ್ ಪ್ರಿಂಟ್ ಆದ್ಮೇಲೆ ತಿದ್ದಿಸೋದು ತಿಂಗಳುಗಟ್ಟಲೆ ಓಡಾಟ, ಈಗ ಆದ್ರೆ ಹೆಡ್‌ಮಾಸ್ಟರ್ ಹಂತದಲ್ಲೇ ಮುಗಿಯುತ್ತೆ. ಆಧಾರಲ್ಲಿ ಇನ್ನೊಂದು ವಿಷಯ ಇದೆ, ಯಾರೂ ಹೇಳಲ್ಲ ಇದನ್ನ. ಮಕ್ಕಳಿಗೆ 15 ವರ್ಷ ತುಂಬಿದ್ಮೇಲೆ ಬೆರಳಚ್ಚು, ಕಣ್ಣು, ಫೋಟೋ ಹೊಸದಾಗಿ ಕೊಡ್ಲೇಬೇಕು, 17 ತುಂಬೋದ್ರೊಳಗೆ ಹೋದ್ರೆ ದುಡ್ಡಿಲ್ಲ. ಚಿಕ್ಕೋರಿದ್ದಾಗಿನ ಫೋಟೋ ಇಟ್ಕೊಂಡೇ ಇದ್ರೆ ಎನ್‌ಎಸ್‌ಪಿಲಿ ಮುಖ ತೋರ್ಸಿ ನೋಂದಣಿ ಮಾಡೋವಾಗ ಹೊಂದಲ್ಲ. ನಿಮ್ಮ ಮಗಳು ಇನ್ನೇನು ಆ ವಯಸ್ಸಿಗೆ ಬರ್ತಾಳೆ, ಹುಟ್ಟಿದಬ್ಬ ಆದ ತಿಂಗಳೇ ಮಾಡ್ಸಿಬಿಡಿ. ಮೊಬೈಲ್ ನಂಬರೂ ಮನೇಲಿ ಕಾಯಂ ಇರೋ ನಂಬರ್ ಕೊಡಿ, ಒಟಿಪಿ ಅದಕ್ಕೇ ಬರೋದು.

ಜಾತಿ ಆದಾಯ ಸರ್ಟಿಫಿಕೇಟ್ ನಾಡಕಚೇರೀಲಿ ಮಾಡಿಸ್ತೀರಲ್ಲ, ಅದರ ಮೇಲಿರೋ ಆರ್‌ಡಿ ನಂಬರ್ರೇ ಎಲ್ಲದಕ್ಕೂ ಬೀಗದ ಕೈ, ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟಾದ ಎಸ್‌ಎಸ್‌ಪಿ ಪೋರ್ಟಲ್ ಆ ನಂಬರ್ ಹಾಕಿದ್ರೆನೇ ವಿವರ ಎಳ್ಕೊಳ್ಳೋದು, ಮುಂದೆ ಸಿಇಟಿ ಅರ್ಜಿಗೂ ಅದೇ. ಸರ್ಟಿಫಿಕೇಟು ಯಾವಾಗ ಅವಧಿ ಮುಗಿಯುತ್ತೆ ನೋಡ್ಕೊಳ್ಳಿ, ಸೆಕೆಂಡ್ ಪಿಯುಸಿ ಮಧ್ಯದಲ್ಲಿ ಮುಗಿಯೋ ಹಾಗಿದ್ರೆ ಮುಂಚೆನೇ ಹೊಸದು ತಗೊಳ್ಳಿ, ಜೂನಲ್ಲಿ ನಾಡಕಚೇರಿ ಮುಂದೆ ಜನ ಹೇಗೆ ಸೇರ್ತಾರೆ ಅಂತ ನಿಮಗೇ ಗೊತ್ತು. ನಿಮ್ಮ ವರ್ಗ ಯಾವುದು ಅಂತ ಬರ್ದಿಲ್ಲ. ಪ್ರತಿ ಇಲಾಖೆಯ ಆದಾಯದ ಮಿತಿ ಬೇರೆ ಬೇರೆ ಇರುತ್ತೆ, ಎಸ್‌ಸಿ ಎಸ್‌ಟಿ ಮಕ್ಕಳ ಪೋಸ್ಟ್ ಮೆಟ್ರಿಕ್‌ಗೆ, ಅಂದ್ರೆ ಹತ್ತನೇ ಕ್ಲಾಸ್ ಆದ್ಮೇಲಿನ ಸ್ಕಾಲರ್‌ಶಿಪ್ಪಿಗೆ 2.5 ಲಕ್ಷ, ಹಿಂದುಳಿದ ವರ್ಗದೋರಿಗೆ ಹಾಸ್ಟೆಲ್ ಸಿಗದಿದ್ರೆ ಊಟ ವಸತಿಗೆ ಅಂತ ವಿದ್ಯಾಸಿರಿ ಇದೆ.

ತೋಟ ಮಾವನೋರ ಹೆಸರಲ್ಲಿದೆ ಅಂದ್ರಲ್ಲ, ಅಲ್ಲೊಂದು ತೊಡಕಿದೆ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್ ಅಪ್ಪ ಅಮ್ಮನ ಎಫ್‌ಐಡಿ, ಅಂದ್ರೆ ರೈತರ ಗುರುತಿನ ಸಂಖ್ಯೆ ನೋಡಿ ಬರೋದು, ಪಹಣಿ ಅಜ್ಜನ ಹೆಸರಲ್ಲಿದ್ರೆ ಮೊಮ್ಮಗಳಿಗೆ ಲೆಕ್ಕಕ್ಕೆ ಬರಲ್ಲ. ಮಾವನೋರು ಇದ್ದಾರೋ ತೀರ್ಕೊಂಡಿದ್ದಾರೋ ಗೊತ್ತಿಲ್ಲ, ತೀರ್ಕೊಂಡಿದ್ರೆ ಪೌತಿ ಖಾತೆ ಮಾಡಿಸಿ, ಇದ್ರೆ ವಿಭಾಗ ಮಾಡ್ಕೊಳ್ಳೋದು ನಿಮ್ಮ ಮನೆ ವಿಚಾರ, ಸ್ಕಾಲರ್‌ಶಿಪ್ ಒಂದಕ್ಕೋಸ್ಕರ ಅಣ್ಣತಮ್ಮಂದಿರ ಮಧ್ಯೆ ಮನಸ್ತಾಪ ಮಾಡ್ಕೊಬೇಡಿ. ಪಹಣಿ ನಿಮ್ಮೆಜಮಾನ್ರ ಹೆಸರಿಗೆ ಬಂದ್ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿ ಮಾಡ್ಸಿ. ಗಾರೆ ಕೆಲಸಕ್ಕೆ ಹೋಗ್ತಾರೆ ಅಂದ್ರೆ ಲೇಬರ್ ಕಾರ್ಡ್ ಇದ್ಯಾ ನೋಡಿ, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರೋರು ಮಾಡಿಸ್ಬೋದು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ಇಬ್ರು ಮಕ್ಕಳವರೆಗೆ ಓದಿಗೆ ಸಹಾಯ ಇದೆ, ಕಾರ್ಡ್ ಚಾಲ್ತೀಲಿರ್ಬೇಕು ಅಷ್ಟೆ. ನಿಜವಾಗ್ಲೂ ಆ ಕೆಲಸ ಮಾಡೋರು ಮಾತ್ರ ಮಾಡಿಸ್ಬೇಕು, ನಕಲಿ ಕಾರ್ಡ್ ಮಾಡಿಸ್ಕೊಂಡೋರಿಂದ ನಿಜವಾದ ಕೂಲಿಯವರ ಮಕ್ಕಳಿಗೆ ತೊಂದ್ರೆ ಆಗುತ್ತೆ.

ಇನ್ನು ಎಲ್ಲಕ್ಕಿಂತ ದೊಡ್ಡ ನಿರ್ಧಾರ ಹತ್ತನೇ ಕ್ಲಾಸ್ ಆದ್ಮೇಲೆ ಬರುತ್ತೆ. ಒಳ್ಳೆ ಮಾರ್ಕ್ಸ್ ಬಂದ ತಕ್ಷಣ ಸಾಲ ಮಾಡಿ ಪ್ರೈವೇಟ್ ಪಿಯು ಕಾಲೇಜಿಗೆ ಸೇರಿಸೋದು ಈಗ ಎಲ್ಲಾ ಕಡೆ ನಡೀತಿದೆ. ಸೇರಿಸೋ ಮುಂಚೆ ಇದನ್ನ ಲೆಕ್ಕ ಹಾಕಿ: ಅಜೀಂ ಪ್ರೇಮ್‌ಜಿ ಫೌಂಡೇಶನ್ ಹೆಣ್ಣುಮಕ್ಕಳಿಗೆ ಡಿಗ್ರಿ ಇಲ್ಲಾ ಡಿಪ್ಲೊಮಾ ಓದೋಕೆ ವರ್ಷಕ್ಕೆ 30,000 ಕೊಡುತ್ತೆ, ಆದ್ರೆ ಹತ್ತನೇ ಕ್ಲಾಸು, ಸೆಕೆಂಡ್ ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಲ್ಲಿ ರೆಗ್ಯುಲರಾಗಿ ಓದಿ ಪಾಸಾಗಿರ್ಬೇಕು. ನಾಲ್ಕು ವರ್ಷದ ಇಂಜಿನಿಯರಿಂಗಿಗೆ ಅದೇ 1,20,000 ಆಯ್ತು. ತಿಪಟೂರಲ್ಲೇ ಸರ್ಕಾರಿ ಪಿಯು ಕಾಲೇಜಿಗೆ ಹೋದ್ರೆ ಆ ದಾರಿ ತೆರೆದಿರುತ್ತೆ, ಪ್ರೈವೇಟಿಗೆ ಹೋದ್ರೆ ಮುಚ್ಚಿಹೋಗುತ್ತೆ. ಸರ್ಕಾರಿ ಕಾಲೇಜಲ್ಲಿ ಸೈನ್ಸ್ ಲೆಕ್ಚರರ್ಸ್ ಇದಾರಾ, ಲ್ಯಾಬ್ ನಡೆಯುತ್ತಾ ಅಂತ ಒಂದ್ಸಲ ಹೋಗಿ ನೋಡ್ಕೊಂಡು ಬಂದು ಆಮೇಲೆ ತೀರ್ಮಾನ ಮಾಡಿ. ಎಸ್ಸೆಸ್ಸೆಲ್ಸೀಲಿ ಶೇ. 90 ದಾಟಿ, ಮನೆ ಆದಾಯ 2 ಲಕ್ಷದೊಳಗಿದ್ರೆ ವಿದ್ಯಾಧನ್ ಸ್ಕಾಲರ್‌ಶಿಪ್ಪಿಗೂ ಅರ್ಜಿ ಹಾಕ್ಲಿ, ಅದು ಪಿಯುಸಿಯಿಂದಾನೇ ಶುರುವಾಗುತ್ತೆ, ರಿಸಲ್ಟ್ ಬಂದ ತಕ್ಷಣ ನೋಡ್ಬೇಕು.

ಸಿಇಟಿ ಅರ್ಜೀಲಿ ಎಸ್‌ಎನ್‌ಕ್ಯು ಅಂತ ಒಂದು ಆಯ್ಕೆ ಇರುತ್ತೆ, ಆದಾಯ 8 ಲಕ್ಷದೊಳಗಿರೋರಿಗೆ ಇಂಜಿನಿಯರಿಂಗಲ್ಲಿ ಶೇ. 5 ಹೆಚ್ಚುವರಿ ಸೀಟು, ಅದರಲ್ಲಿ ಸಿಕ್ರೆ ಟ್ಯೂಷನ್ ಫೀಸ್ ಇಲ್ಲ, ಮಿಕ್ಕ ಫೀಸ್ ಕಟ್ಬೇಕು. ಅರ್ಜಿ ಹಾಕುವಾಗ್ಲೇ ಅದನ್ನ ಕೇಳ್ಬೇಕು. ನಿಮ್ಮ ಮಗಳು ಒಂದರಿಂದ ಹತ್ತನೇ ಕ್ಲಾಸ್‌ವರೆಗೆ ಹಳ್ಳಿ ಶಾಲೇಲೇ, ಕನ್ನಡದಲ್ಲೇ ಓದಿದ್ರೆ ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿನೂ ಕೇಳ್ಬೋದು, ಅದಕ್ಕೆ ಬಿಇಒ ಸಹಿ ಇರೋ ಸರ್ಟಿಫಿಕೇಟ್ ಬೇಕು, ಹತ್ತನೇ ಕ್ಲಾಸ್ ಟಿಸಿ ತಗೊಳೋ ದಿನಾನೇ ಅದನ್ನೂ ಕೇಳಿಬಿಡಿ. ಸೀಟ್ ಸಿಕ್ಕಿದ್ಮೇಲೆ ಹೆಣ್ಣುಮಕ್ಕಳಿಗೆ ಎಐಸಿಟಿಇ ಪ್ರಗತಿ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 50,000, ಫಸ್ಟ್ ಇಯರಲ್ಲೇ ಹಾಕ್ಬೇಕು.

ಪ್ರಶ್ನೆ: ಸರ್, ನಾನು ಸೆಕೆಂಡ್ ಪಿಯುಸಿ. ಫಸ್ಟ್ ಇಯರ್ ಸ್ಕಾಲರ್‌ಶಿಪ್ ಎಸ್‌ಎಸ್‌ಪಿಲಿ ಪಾವತಿ ಆಗಿದೆ ಅಂತ ತೋರಿಸ್ತಿದೆ, ನನ್ನ ಪಾಸ್‌ಬುಕ್ಕಲ್ಲಿ ಒಂದು ರೂಪಾಯಿನೂ ಇಲ್ಲ. ಬ್ಯಾಂಕಲ್ಲಿ ಕೇಳಿದ್ರೆ ಆಧಾರ್ ಲಿಂಕ್ ಆಗಿದೆಯಪ್ಪ ಅಂತಾರೆ. ಯಾರನ್ನ ಕೇಳ್ಲಿ?

ಉತ್ತರ: ಗಾಬರಿ ಆಗ್ಬೇಡಪ್ಪ, ಬಹಳಷ್ಟು ಸಲ ದುಡ್ಡು ನಿನ್ನದೇ ಇನ್ನೊಂದು ಅಕೌಂಟಲ್ಲಿ ಕೂತಿರುತ್ತೆ. ಬ್ಯಾಂಕಿನೋರು ಹೇಳೋ ಲಿಂಕ್ ಬೇರೆ, ಎನ್‌ಪಿಸಿಐ ಸೀಡಿಂಗ್, ಅಂದ್ರೆ ಸರ್ಕಾರದ ದುಡ್ಡು ಯಾವ ಬ್ಯಾಂಕಿಗೆ ಹೋಗ್ಬೇಕು ಅಂತ ಪಾವತಿ ನೋಡ್ಕೊಳ್ಳೋ ಎನ್‌ಪಿಸಿಐ ಸಂಸ್ಥೇಲಿ ದಾಖಲಾಗೋದು ಬೇರೆ. ಒಂದು ಆಧಾರ್ ನಂಬರ್ರನ್ನ ಎಷ್ಟು ಅಕೌಂಟಿಗೆ ಬೇಕಾದ್ರೂ ಲಿಂಕ್ ಮಾಡ್ಬೋದು, ಆದ್ರೆ ಸರ್ಕಾರದ ದುಡ್ಡು ಹೋಗೋದು ಎನ್‌ಪಿಸಿಐಲಿ ಕೊನೇಸಲ ಯಾವ ಬ್ಯಾಂಕ್ ಸೀಡ್ ಆಗಿದ್ಯೋ ಅದಕ್ಕೆ ಮಾತ್ರ. ಹೈಸ್ಕೂಲಲ್ಲಿದ್ದಾಗ ಶಾಲೆಯೋರು ಒಂದು ಅಕೌಂಟ್ ಮಾಡಿಸಿರ್ತಾರೆ, ಆಮೇಲೆ ನೀನೇ ಮೊಬೈಲಲ್ಲಿ ಇನ್ನೊಂದು ತೆಗ್ದಿರ್ತೀಯ, ಅಲ್ಲಿ ಒಪ್ಪಿಗೆ ಅಂತ ಒತ್ತಿದಾಗ ಸೀಡಿಂಗ್ ಅಲ್ಲಿಗೆ ಹೋಗಿಬಿಟ್ಟಿರುತ್ತೆ. ಆಧಾರಿನ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಒಟಿಪಿ ಹಾಕಿ ನೋಡು, ಯಾವ ಬ್ಯಾಂಕ್ ಅಂತ ಹೆಸರು ಬರುತ್ತೆ. ಆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕ್ಸು. ಸೀಡಿಂಗೇ ಇಲ್ಲ ಅಂತ ಬಂದ್ರೆ ಬ್ಯಾಂಕಲ್ಲಿ ಡಿಬಿಟಿಗೆ (ಸರ್ಕಾರದ ದುಡ್ಡು ನೇರ ಅಕೌಂಟಿಗೆ ಬರೋದಕ್ಕೆ) ಸೀಡ್ ಮಾಡಿ ಅಂತ ಬರ್ದು ಕೊಡು, ಬಾಯಲ್ಲಿ ಹೇಳಿ ಬರ್ಬೇಡ.

ಖಾಸಗಿ ಟ್ರಸ್ಟ್‌ಗಳ ಸ್ಕಾಲರ್‌ಶಿಪ್ಪಿಗೆ ಮಾತ್ರ ಅಕೌಂಟ್ ನಂಬರು, ಐಎಫ್‌ಎಸ್‌ಸಿ ಬರೀಬೇಕು. ಮನೇಲಿರೋ ಹಳೇ ಪಾಸ್‌ಬುಕ್ ನೋಡಿ ಬರೀಬೇಡ, ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟು, ಕಾರ್ಪೊರೇಷನ್ನು 2020ರಲ್ಲಿ ಬೇರೆ ಬ್ಯಾಂಕಿಗೆ ಸೇರಿದ್ವು, ಅವುಗಳ ಕೋಡೆಲ್ಲ ಬದಲಾಗಿದೆ. ಹೊಸ ಪಾಸ್‌ಬುಕ್ ಇಸ್ಕೊಂಡು ಅದರಿಂದ ಬರಿ.

ಪ್ರಶ್ನೆ: ನಾವು ಜನರಲ್ ಮೆರಿಟ್, ಅಂಗಡಿ ವ್ಯಾಪಾರ, ವರ್ಷಕ್ಕೆ ನಾಲ್ಕು ಲಕ್ಷ ಆದಾಯ. ಮಗನಿಗೆ ಪಿಯುಸಿಲಿ ಶೇ. 80 ಇದ್ರೆ ಸೆಂಟ್ರಲ್ ಸ್ಕಾಲರ್‌ಶಿಪ್ ಖಂಡಿತ ಅಂತಾರೆ, ಹೌದಾ? ಇಲ್ಲಾಂದ್ರೆ ಸಾಲನೇ ಗತಿನಾ?

ಉತ್ತರ: ಶೇ. 80 ಅನ್ನೋದು ತಪ್ಪು ತಿಳುವಳಿಕೆ. ಬೋರ್ಡಲ್ಲಿ ಪಾಸಾದೋರಲ್ಲಿ ಮೇಲಿನ ಶೇ. 20ರೊಳಗೆ ಇರ್ಬೇಕು ಅನ್ನೋದು ನಿಯಮ, ಆ ವರ್ಷ ಮಕ್ಕಳು ಹೇಗೆ ಬರೆದ್ರು ಅನ್ನೋದ್ರ ಮೇಲೆ ಆ ಮಾರ್ಕ್ಸ್ ಮೇಲೆ ಕೆಳಗೆ ಆಗುತ್ತೆ, ಆದಾಯ 4.5 ಲಕ್ಷದೊಳಗಿರ್ಬೇಕು, ನೀವು ಅದರೊಳಗೇ ಇದ್ದೀರ. ಡಿಗ್ರಿಯ ಮೊದಲ ಮೂರು ವರ್ಷ 12,000ದಂತೆ ಸಿಗುತ್ತೆ. ಬೇರೆ ಸ್ಕಾಲರ್‌ಶಿಪ್ ತಗೋತಿದ್ರೆ ಇದು ಸಿಗಲ್ಲ, ಮುಚ್ಚಿಡೋಕೆ ಹೋಗ್ಬೇಡಿ. ಅವನು ಬಿಎಸ್ಸಿ ಕಡೆ ಒಲವಿರೋನಾ ಅಂತ ಕೇಳಿ ನೋಡಿ, ಬೋರ್ಡಿನ ಮೇಲಿನ ಶೇ. 1ರಲ್ಲಿ ಬಂದು ಶುದ್ಧ ವಿಜ್ಞಾನ ತಗೊಂಡ್ರೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ಪಲ್ಲಿ ವರ್ಷಕ್ಕೆ 80,000ವರೆಗೂ ಇದೆ. ಮೇಲೆ ಹೇಳಿದ ಎಸ್‌ಎನ್‌ಕ್ಯುಗೆ ಜಾತಿ ಕೇಳಲ್ಲ, ಆದಾಯ ಮಾತ್ರ.

ಸಾಲ ಅಂದ್ರೆ ಹೆದರ್ಬೇಡಿ, ಆದ್ರೆ ತಿಳ್ಕೊಂಡು ತಗೊಳ್ಳಿ. 2024ರ ನವೆಂಬರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮೀ ಅನ್ನೋ ಕೇಂದ್ರದ ಸಾಲದ ಸ್ಕೀಮಲ್ಲಿ ಜಾಮೀನು, ಅಡಮಾನ ಏನೂ ಬೇಡ, 8 ಲಕ್ಷದೊಳಗಿನ ಆದಾಯದೋರಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ಸರ್ಕಾರ ಹೊರುತ್ತೆ. ಇದು ಪಟ್ಟಿಯಲ್ಲಿರೋ ಕಾಲೇಜುಗಳಿಗೆ ಮಾತ್ರ, ಹಾಗಾಗಿ ಸಿಇಟಿ ಆಪ್ಷನ್ ಎಂಟ್ರಿ, ಅಂದ್ರೆ ಬೇಕಾದ ಕಾಲೇಜು ಆರಿಸೋ ಕೆಲಸ, ಮಾಡೋಕೆ ಕೂರೋ ಮುಂಚೆ ಆ ಪಟ್ಟಿ ತೆಗ್ದು ಮಗನ ಜೊತೆ ಪಕ್ಕದಲ್ಲಿಟ್ಕೊಂಡು ಕೂತ್ಕೊಳ್ಳಿ.